ಬದಲಿ ಮೆಣಸಿನಕಾಯಿ

"ಅದು ಬೇಡ, ವಾಪಸು ಬುಟ್ಟಿಗೆ ಹಾಕು," ಎಂದಳು ಎಲಾದಿಯಾ.

ಮೆಣಸಿನಕಾಯಿ ಮಾರುವ ಕ್ವಿರಿನಾಳ ಅಂಗೈಯಲ್ಲಿ ಚಿಲ್ವಾಕ್ಲೆ ಮೆಣಸಿನಕಾಯಿ ಹಾಗೇ ಉಳಿಯಿತು. ಕುಳ್ಳಗೆ, ಗುಂಡಗೆ, ಒಣಗಿ ಕಪ್ಪಾದ ಕಾಯಿ. ವಾಹಾಕಾ ಊರಿನ ಈ ಸಂತೆಯಲ್ಲಿ ಸತ್ತವರ ಹಬ್ಬದ ಕಪ್ಪು ಮೋಲೆ ಗೊಜ್ಜಿಗೆಂದು ಎಲಾದಿಯಾ ಮೊದಲಿನಿಂದಲೂ ಒಯ್ಯುತ್ತಿದ್ದುದು ಅದನ್ನೇ. ಅದರ ಖಾರ ಬಾಯಿ ಸುಡುವುದಿಲ್ಲ, ಗಂಟಲಲ್ಲಿ ಸ್ವಲ್ಪ ಹೊತ್ತು ಕೂತಿರುತ್ತದೆ. ಹುರಿದರೆ ಬೀದಿಯ ತುದಿಗೂ ಗೊತ್ತಾಗುತ್ತದೆ.

ಹಾಗಾದರೆ ಏನು ಕೊಡಲಿ ಎಂದು ಕ್ವಿರಿನಾ ಕೇಳಿದಳು. ಬದಲಿಗೆ ಆಗುವಂಥದ್ದು ಏನಾದರೂ ಸರಿ ಎಂದಳು ಎಲಾದಿಯಾ. ಕ್ವಿರಿನಾ ನೀಳವಾದ ಕೆಂಪು ಗ್ವಾಹಿಯೊ ಕಾಯಿಗಳನ್ನು ಆರಿಸಿದಳು, ಬಣ್ಣಕ್ಕೆಂದು ಕಂದುಗಪ್ಪಿನ ಮುಲಾತೊ ಕಾಯಿ ಸೇರಿಸಿದಳು, ಖಾರ ಸಾಲದೆಂದು ಹೊಗೆಗಿಟ್ಟ ಕಾಯಿಯೊಂದನ್ನು ಮೇಲಿಟ್ಟಳು.

"ನೋಡಕ್ಕ, ಎಷ್ಟು ಕೂಡ್ಸಿದ್ರೂ ಅದರ ವಾಸನೆ ಬರಲ್ಲ. ಆಮೇಲೆ ಊರೆಲ್ಲಾ ನನ್ನ ಬೈಕೊಂಡು ತಿರುಗ್ಬೇಡ."

"ವಾಸನೆ ಬರದಿದ್ರೆ ಸಾಕು."

ಕ್ವಿರಿನಾ ಕಾಯಿಗಳನ್ನು ತೂಗಿ ಕಟ್ಟಿಕೊಟ್ಟಳು.

ಹಬ್ಬದ ದಿನ ಮನೆಗೆ ಬರುವ ಸತ್ತವರಿಗೆ ಉಣ್ಣಲು ಬಾಯಿಲ್ಲ. ಘಮವೇ ಅವರ ಊಟ, ಮನೆಯ ದಾರಿ ತೋರಿಸುವುದೂ ಅದೇ. ಎಲಾದಿಯಾಳ ಮಗ ಹಸಿಂತೊ ಲಾರಿಯಲ್ಲಿ ಟೊಮೆಟೊ ತುಂಬಿಕೊಂಡು ಉತ್ತರಕ್ಕೆ ಹೋಗಿ ಎರಡು ವರ್ಷವಾಗಿತ್ತು. ಲಾರಿ ಹೆದ್ದಾರಿಯ ಪಕ್ಕ ಸಿಕ್ಕಿತ್ತು, ಅವನು ಸಿಕ್ಕಿರಲಿಲ್ಲ. ಚಿಲ್ವಾಕ್ಲೆ ಹಾಕಿದ ಮೋಲೆಯೆಂದರೆ ಅವನಿಗೆ ಪ್ರಾಣ. ಈ ದಿನ ಅದನ್ನು ಹುರಿದರೆ ಅವನನ್ನು ಸತ್ತವರ ಸಾಲಿನಲ್ಲಿ ನಿಲ್ಲಿಸಿ ಕರೆದಂತೆ. ಹೋದ ವರ್ಷ ಜ್ವರವೆಂದು ಹೇಳಿ ಎಲಾದಿಯಾ ಒಲೆಯನ್ನೇ ಹಚ್ಚಿರಲಿಲ್ಲ. ಈ ವರ್ಷವೂ ತೀರಿಹೋದ ಅತ್ತೆ ಮಾವಂದಿರನ್ನು ಉಪವಾಸ ಕಳಿಸುವಂತಿರಲಿಲ್ಲ.

ಮನೆಗೆ ಬಂದು ಹುರಿದಳು, ಎಳ್ಳು ಚಾಕಲೇಟು ಕೂಡಿಸಿ ಅರೆದಳು, ಕುದಿಸಿದಳು. ಗೊಜ್ಜು ಇಟ್ಟಿಗೆಯ ಬಣ್ಣಕ್ಕೆ ನಿಂತಿತು. ಜೋಳದ ರೊಟ್ಟಿಯೊಂದನ್ನು ಸೀಯಿಸಿ ಪುಡಿ ಮಾಡಿ ಹಾಕಿದ ಮೇಲೆ ಕಪ್ಪೇನೋ ಆಯಿತು. ರುಚಿ ಮಾತ್ರ ಬೇರೆ ಯಾರದೋ ಮನೆಯದು.

ಗಂಡ ಫೌಸ್ತೊ ಬೆರಳದ್ದಿ ನೆಕ್ಕಿದ. ಅಂಗಿಯ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಒಲೆಯ ಕಟ್ಟೆಯ ಮೇಲಿಟ್ಟ. ಅವಳ ಬೆನ್ನಿಗೇ ಸಂತೆಗೆ ಹೋಗಿ ಬಂದಿದ್ದ. ಒಳಗೆ ನಾಲ್ಕೈದು ಚಿಲ್ವಾಕ್ಲೆ.

"ಯಾಕೆ ತಂದ್ರಿ? ನಿಮಗೆ ಅವನು ಸಾಯ್ಲೇಬೇಕಾ?"

ಫೌಸ್ತೊ ಮಣೆಯ ಮೇಲೆ ಕೂತ. ಮೂಲೆಯ ಪೀಠದಲ್ಲಿ ಅವನ ಅಪ್ಪ ಅಮ್ಮನ ಫೋಟೋಗಳಿಗೆ ಆಗಲೇ ಚೆಂಡುಹೂ ಏರಿಸಿಯಾಗಿತ್ತು.

"ಹೋದ ವರ್ಷ ಬಂದಿದ್ನೋ ಏನೋ ಕಣೇ. ಬೀದೀಲಿ ಎಲ್ಲರ ಮನೇಲೂ ಊಟ. ನಮ್ಮನೆ ಯಾವುದು ಅಂತ್ಲೇ ತಿಳೀದೆ ಹಂಗೇ ಹೋಗಿದ್ರೆ?"

ಅವಳು ಸೌಟು ತಿರುಗಿಸುವುದನ್ನು ನಿಲ್ಲಿಸಿದಳು.

"ಬದುಕಿದ್ರೆ?"

"ಬದುಕಿದ್ರೆ ಒಳ್ಳೇದೇ ಆಯ್ತಲ್ಲ. ಬಂದು ನಮ್ಮನ್ನ ಆಡ್ಕೊಂಡು ನಗ್ಲಿ. ಪಾತ್ರೆ ಬಳ್ಕೊಂಡು ತಿನ್ಲಿ."

ನಗಬೇಕೆಂದು ಹೊರಟ ಅವನ ಮುಖ ಅರ್ಧಕ್ಕೇ ಕೈಕೊಟ್ಟಿತು. ಎದ್ದು ಹಿತ್ತಿಲಿಗೆ ಹೋದ.

ಎಲಾದಿಯಾ ಗೊಜ್ಜಿನ ಕಡೆ ನೋಡಿದಳು. ಅದು ಸದ್ದು ಮಾಡಿಕೊಂಡು ಕುದಿಯುತ್ತಿತ್ತು, ಮೇಲೆ ಕೆಂಪೆಣ್ಣೆ ತೇಲುತ್ತಿತ್ತು. ಆಮೇಲೆ ಪಾತ್ರೆ ಇಳಿಸಿ ಪಕ್ಕಕ್ಕಿಟ್ಟು, ಮಣ್ಣಿನ ಹೆಂಚನ್ನು ಒಲೆಗೇರಿಸಿದಳು. ಪೊಟ್ಟಣದ ಕಾಯಿಗಳನ್ನು ಒಂದೊಂದಾಗಿ ಮುರಿದು, ಬೀಜ ಸಮೇತ ಹೆಂಚಿಗೆ ಹಾಕಿದಳು. ತಿರುವಿ ಹಾಕಲಿಲ್ಲ. ಸೀಯಲು ಬಿಟ್ಟಳು.

ಹೊಗೆ ಎದ್ದಿತು. ಹಿತ್ತಿಲಲ್ಲಿ ಫೌಸ್ತೊ ಕೆಮ್ಮಿದ. ಅವಳು ಹೋಗಿ ಬೀದಿಬಾಗಿಲನ್ನು ಗೋಡೆಗೆ ತಾಗುವವರೆಗೂ ತೆರೆದಳು. ಬಟ್ಟೆಯಿಂದ ಹಿಡಿದು ಹೆಂಚನ್ನೇ ಹೊಸಿಲಿಗೆ ತಂದಿಟ್ಟು ಕುಕ್ಕರಗಾಲಿನಲ್ಲಿ ಕೂತಳು. ಗಾಳಿ ಒಳಮುಖವಾಗಿ ಬೀಸುತ್ತಿತ್ತು. ಕಣ್ಣಿನಿಂದ ನೀರಿಳಿಯುತ್ತಿದ್ದರೂ ಒರೆಸಿಕೊಳ್ಳದೆ, ಲಂಗದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಹೊಗೆಯನ್ನು ರಸ್ತೆಯ ಕಡೆಗೆ ಬೀಸತೊಡಗಿದಳು.