ವೈತರಣಿಗೊಂದು ಸೆರಗು

ನರ್ಸ್ ಒಂದೊಂದೇ ಬೆರಳು ಬಿಡಿಸಿ, ಪ್ರಭಮ್ಮನವರ ಸೆರಗನ್ನು ಗಂಡನ ಮುಷ್ಟಿಯಿಂದ ತೆಗೆದಳು. ಮಾನಿಟರಿನ ಗೆರೆ ಆಗಲೇ ಮಲಗಿತ್ತು. ಮಾರಿಸ್‌ಟೌನಿನ ಆಸ್ಪತ್ರೆಯ ಕಿಟಕಿಯಾಚೆ ಬೆಳಗಿನ ಹಿಮ ಬೀಳುತ್ತಿತ್ತು. ಗಂಡ ಶಂಕರನಾರಾಯಣರ ಕೊನೆಯ ಮಾತನ್ನು ಕೇಳಿದವರು ಪ್ರಭಮ್ಮ ಒಬ್ಬರೇ: “ನೀರು ಮೊಣಕಾಲಿಗೆ ಬಂತು ಕಣೇ. ಬಿಡಬೇಡ.”

* * *

ಫ್ಯೂನರಲ್ ಹೋಮಿನಲ್ಲಿ ಎಲ್ಲರ ಬಾಯಲ್ಲೂ ಅವರ ಧೈರ್ಯದ ಮಾತೇ.

“ಸರ್ ಸಾವಿಗೂ ಅಂಜಲಿಲ್ಲ ನೋಡ್ರೀ ಅಮ್ಮಾರ,” ಎಂದ ಶಿಷ್ಯ ಮುರುಗೆಪ್ಪ. “ನಾವು ಸ್ನೋ ಬಿದ್ರ ಡ್ರೈವ್ ಮಾಡಾಕ ಅಂಜತೀವಿ.”

ಪ್ರಭಮ್ಮ ತಲೆಯಾಡಿಸಿದರು.

ಪುರೋಹಿತರು ಪುಟ್ಟ ಬೆಳ್ಳಿ ಹಸುವನ್ನು ತಟ್ಟೆಯಲ್ಲಿಟ್ಟರು. “ಗೋದಾನ ಮುಗಿಸಿಬಿಡೋಣ್ವಾ? ವೈತರಣಿ ದಾಟುವಾಗ ಹಿಡ್ಕೊಳ್ಳೋಕೆ ಹಸುವಿನ ಬಾಲ ಬೇಕಲ್ಲ.”

“ಬೇಡ ಅಂಕಲ್,” ಮಗ ಅತುಲ್ ಅಡ್ಡ ಬಂದ. “ಅಪ್ಪ ಕ್ಲಿಯರ್ ಆಗಿ ಹೇಳಿದ್ರು. ಅದೆಲ್ಲ ಸಿಂಬಾಲಿಕ್.”

“ಒಂದು ವೇಳೆ ನಿಜವಾಗ್ಲೂ ನದಿ ಇದ್ರೆ...”

“ಅಮ್ಮಾ, ಪ್ಲೀಸ್. ಅವರು ಜೀವನಪೂರ್ತಿ ಹೇಳಿದ್ದನ್ನ ಇವತ್ತು ಸುಳ್ಳು ಮಾಡೋದಾ?”

* * *

ವರ್ಷಗಳ ಹಿಂದೆ, ಐಸೆಲಿನ್ನಿನ ಮನೆಯ ಬೇಸ್‌ಮೆಂಟಿನಲ್ಲಿ ಭಾನುವಾರ ಪಾಠ.

“ಕುರುಕ್ಷೇತ್ರವನ್ನ ಮ್ಯಾಪಲ್ಲಿ ಹುಡುಕಬೇಡಿ, ಎದೆಯಲ್ಲಿ ಹುಡುಕಿ,” ಎನ್ನುತ್ತಿದ್ದರು ಶಂಕರನಾರಾಯಣರು. “ವೈತರಣಿ ಅಂದ್ರೆ ನಮ್ಮ ಭಯಾನೇ. ಅದನ್ನ ನಿಂತು ನೋಡೋ ಅರಿವೇ ಹಸು. ಅದರ ಬಾಲ ಹಿಡಿದವನು ದಾಟಿದ.”

ಕಾಫಿ ತಂದ ಪ್ರಭಮ್ಮ ಕೇಳಿದ್ದರು: “ಆ ಹಸುನೇ ತಪ್ಪಿಸ್ಕೊಂಡು ಹೋದ್ರೆ ಏನ್ರೀ ಹಿಡ್ಕೊಳ್ಳೋದು?”

“ನಿನ್ನ ಸೆರಗಿದೆಯಲ್ಲ!”

ಬೇಸ್‌ಮೆಂಟಿಗೆ ಬೇಸ್‌ಮೆಂಟೇ ನಕ್ಕಿತ್ತು.

* * *

ಪೆಟ್ಟಿಗೆ ಮುಚ್ಚುವವರು ಬಂದು ನಿಂತರು. ಪ್ರಭಮ್ಮ ನೋಡಿದರು: ಎದೆಯ ಮೇಲಿದ್ದ ಗಂಡನ ಕೈಗಳು ಬರಿದು. ಆ ಕಪ್ಪು ನೀರಿನ ನಡುವೆ ನಿಂತು ತನ್ನನ್ನೇ ಕೂಗುತ್ತಿದ್ದರೆ? ನೀರು ಈಗ ಎಲ್ಲಿಯವರೆಗೆ ಬಂದಿರಬಹುದು?

ಪ್ರಭಮ್ಮ ಸೆರಗಿನ ಅಂಚನ್ನು ಹಲ್ಲಿಗೆ ಕೊಟ್ಟು ಚರ್ರನೆ ಸೀಳಿದರು. ಆ ತುಂಡನ್ನು ಗಂಡನ ಅಂಗೈಗೆ ತುರುಕಿದರು. ಸೆಟೆದ ಬೆರಳುಗಳು ಮಡಚಿಕೊಳ್ಳಲಿಲ್ಲ.

“ಅಪ್ಪ ಹೆದರಿದ್ರು ಕಣೋ,” ಎಂದರು ಮಗನ ಕಿವಿಯಲ್ಲಿ. “ತುಂಬಾ ಹೆದರಿದ್ರು.”

ಅತುಲ್ ತಾಯಿಯ ಮುಖವನ್ನೇ ನೋಡಿದ. ಆಮೇಲೆ ಬಗ್ಗಿ, ಬಟ್ಟೆಯನ್ನು ತಂದೆಯ ಕೈಗೆ ಸುತ್ತಿ, ಚಿಕ್ಕವನಿದ್ದಾಗ ಅವರೇ ಕಲಿಸಿದ ಶೂ ಲೇಸಿನ ಗಂಟು ಹಾಕಿದ.

ಮುಚ್ಚಳ ಇಳಿಯಿತು. ಅದರ ಅಂಚಿನಿಂದ ಸೆರಗಿನ ಒಂದು ಎಳೆ ಹೊರಗೆ ಉಳಿದಿತ್ತು. ಪ್ರಭಮ್ಮ ಅದನ್ನು ಬೆರಳಿಗೆ ಸುತ್ತಿಕೊಂಡು ಕಣ್ಣು ಮುಚ್ಚಿದರು.

“ಸ್ವಾಮೀ, ನದಿ ಒಳಗಿರಲಿ, ಹೊರಗಿರಲಿ, ಇವರನ್ನ ದಡ ಮುಟ್ಟಿಸಪ್ಪಾ. ನಡುಗ್ತಾ ಬರ್ತಾರೆ. ಶಾಂತಿ ಕೊಡು.”