ನಾನೂರ ಇಪ್ಪತ್ತೊಂಬತ್ತು ಕೋಟಿಯ ಆಚೆ

ಮೇಜಿನ ಮೇಲೆ ಟೀ ಲೋಟದ ಒದ್ದೆ ಉಂಗುರ ಇನ್ನೂ ಆರಿಲ್ಲ, ಅದನ್ನು ಬೆರಳಿನಿಂದ ಉದ್ದಕ್ಕೆ ಎಳೆಯುತ್ತ ಅವಳು ಪ್ರೋಗ್ರಾಮಿನ ಅದೇ ಸಾಲನ್ನು ಐದನೆಯ ಸಲ ಓದುತ್ತಾಳೆ — ಓದುವುದಕ್ಕೇನಿದೆ, ಗೇಣುದ್ದದ ಸಾಲು, ಡಿಸ್ಕಿನಲ್ಲಿ ಮುಂದಿನದನ್ನು ಯಾವ ಖಾನೆಯಲ್ಲಿ ಬರೆಯಬೇಕೆಂದು ಲೆಕ್ಕ ಹಾಕಿ ಆ ಸಂಖ್ಯೆಯನ್ನು ಕ್ಷಣಕಾಲ ಹಿಡಿದಿಟ್ಟುಕೊಳ್ಳುತ್ತದೆ, ಹಿಡಿಯುವ ಜಾಗಕ್ಕೆ ಮೂವತ್ತೆರಡು ಬಿಟ್ ಅಗಲ, ನಾನೂರ ಇಪ್ಪತ್ತೊಂಬತ್ತು ಕೋಟಿ ಚಿಲ್ಲರೆ ಖಾನೆಗಳವರೆಗೆ ಸರಿ, ಅದರಾಚೆ ಎಣಿಕೆ ಮತ್ತೆ ಸೊನ್ನೆ, ಅಪ್ಪನ ಸ್ಕೂಟರಿನ ಮೀಟರು ಒಂದು ಮಧ್ಯಾಹ್ನ ಒಂಬತ್ತುಗಳೆಲ್ಲ ಮುಗಿದು ಸೊನ್ನೆಗೆ ಹೊರಳಿದ ಹಾಗೆ, ನೋಡು ಪುಟ್ಟಿ ಗಾಡಿ ಹೊಸದಾಯ್ತು ಅಂತ ಅಪ್ಪ ನಕ್ಕಿದ್ದರು — ಡಿಸ್ಕಿಗೆ ಅಂಥ ತಮಾಷೆ ಗೊತ್ತಿಲ್ಲ, ಸೊನ್ನೆ ಎಂದರೆ ಸೊನ್ನೆಯ ಖಾನೆಗೇ ಹೋಗಿ, ಅಲ್ಲಿದ್ದುದರ ಮೇಲೆಯೇ ಬರೆದುಬಿಡುತ್ತದೆ. ದೊಡ್ಡ ಡಿಸ್ಕುಗಳು ಬರುತ್ತವೆಂದು ವರ್ಷವಿಡೀ ಕೂತು ಸಾವಿರಾರು ಸಾಲುಗಳಲ್ಲಿ ಮೂವತ್ತೆರಡನ್ನು ಅರವತ್ತನಾಲ್ಕು ಮಾಡಿದವಳ ಕಣ್ಣು ತಪ್ಪಿಸಿ ಇದೊಂದು ಉಳಿದುಕೊಂಡಿದೆ, ಅದೂ ತನ್ನದೇ ಸಾಲು, ಹನ್ನೆರಡು ವರ್ಷದ ಹಿಂದೆ ಕಾಲು ಮುರಿದುಕೊಂಡಿದ್ದ ಅಮ್ಮ ಪಕ್ಕದ ಕೋಣೆಯಿಂದ ದಿಂಬು ಸರಿಮಾಡೇ ಎಂದು ಕರೆಯುತ್ತಿದ್ದಾಗ ಬರೆದದ್ದು, ಎದ್ದು ಹೋಗಿ ಬಂದು, ಮತ್ತೆ ಎದ್ದು ಹೋಗಿ — ತಂಡದಲ್ಲಿ ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದ ಹಿರಿಯರು ಅದನ್ನು ನೋಡಿ, ಸಾಕು ಬಿಡಮ್ಮ, ಅಷ್ಟು ದೊಡ್ಡ ಡಿಸ್ಕು ಯಾರ ಮನೆಗೆ ಬರುತ್ತೆ ಎಂದಿದ್ದರು.

ಬಂದಿದೆ, ಕಿವಿಯ ಆಸ್ಪತ್ರೆಯೊಂದಕ್ಕೆ ಬಂದಿದೆ, ಈ ತಂತ್ರಾಂಶದ ಬಿಡುಗಡೆಗೆ ಮುಂಚಿನ ಪ್ರಯೋಗದ ಆವೃತ್ತಿಯನ್ನೇ ಅವರು ಹಾಕಿಕೊಂಡಿದ್ದಾರೆ, ಅಲ್ಲಿ ದಾಖಲೆಗಳನ್ನು ನೋಡಿಕೊಳ್ಳುವ ಹೆಂಗಸಿನ ಪತ್ರ ಬೆಳಿಗ್ಗೆ ಬಂದಿದ್ದರಿಂದಲೇ ಈ ಸಾಲು ಸಿಕ್ಕಿದ್ದು: ಹುಟ್ಟುಕಿವುಡು ಮಕ್ಕಳಿಗೆ ಯಂತ್ರ ಹಾಕಿ ಮೊದಲ ಸಲ ಶಬ್ದ ಕೇಳಿಸಿದ ಗಳಿಗೆಯ ವಿಡಿಯೊಗಳು, ಮೂವತ್ತು ವರ್ಷದವು, ಎಲ್ಲವನ್ನೂ ಹೊಸ ಡಿಸ್ಕಿಗೆ ತುಂಬಿಸುತ್ತಿದ್ದೆವು, ಈಗ ಮೊದಮೊದಲಿನವು ಕೆಟ್ಟಿವೆ, ಯಾಕಿರಬಹುದು. ಯಾಕೆ ಎನ್ನುವುದು ಹನ್ನೊಂದು ಗಂಟೆಯ ಹೊತ್ತಿಗೆ ಅವಳಿಗೆ ಗೊತ್ತು, ತಂಡದ ಮುಖ್ಯಸ್ಥನಿಗೂ ಗೊತ್ತು, ಅವನು ಕುರ್ಚಿಯ ಹಿಂದೆ ನಿಂತು ಮೆಲ್ಲಗೆ ಹೇಳುತ್ತಾನೆ, ಸಣ್ಣಪುಟ್ಟ ತಿದ್ದುಪಡಿಗಳ ಜೊತೆ ಇದನ್ನೂ ಸೇರಿಸಿಬಿಡಿ, ಸುಮ್ನೆ ಯಾಕೆ ಗದ್ದಲ, ಸಂಜೆ ಬಿಡುಗಡೆ ಇದೆ — ಕೆಟ್ಟವನಲ್ಲ, ಅಮ್ಮ ಹೋದಾಗ ಎರಡು ವಾರ ಅವಳ ಕೆಲಸವನ್ನೂ ಹೊತ್ತಿದ್ದವನು, ಆದರೆ ಸಣ್ಣಪುಟ್ಟ ಎಂದು ಬರೆದರೆ ಯಾರು ಓದುತ್ತಾರೆ, ಇದೇ ಆವೃತ್ತಿ ಹಾಕಿಕೊಂಡು ಇನ್ನೆಷ್ಟು ಜನ ತುಂಬಿಸುತ್ತ ಕೂತಿದ್ದಾರೋ, ಒಂದೊಂದೇ ಖಾನೆ, ಕೊನೆಯ ಹತ್ತಿರ ಹತ್ತಿರ. ಇಲ್ಲ, ಆಗಲ್ಲ ಎನ್ನುತ್ತಾಳೆ, ಜಗಳದ ದನಿಯಲ್ಲಲ್ಲ, ಕಿಟಕಿ ಮುಚ್ಚಲೇ ಎಂದು ಕೇಳಿದವರಿಗೆ ಹೇಳುವ ಹಾಗೆ, ಮತ್ತೆ ಇದನ್ನು ಬಳಸುವವರೆಲ್ಲ ನೋಡುವ ಸೂಚನೆಗಳ ಪಟ್ಟಿಯ ತಲೆಯಲ್ಲೇ ಬರೆಯುತ್ತಾಳೆ, ತುಂಬಿಸುವುದನ್ನು ಕೂಡಲೇ ನಿಲ್ಲಿಸಿ, ಮೊದಲು ಬರೆದದ್ದು ಅಳಿಯುತ್ತದೆ, ತಪ್ಪು ನನ್ನದು. ಅವನು ಉಸಿರು ಬಿಟ್ಟು, ಬಿಡುಗಡೆ ಮುಂದಕ್ಕೆ ಹಾಕ್ತೀನಿ ಎಂದು ಹೋಗುತ್ತಾನೆ. ಆಮೇಲೆ ಆಸ್ಪತ್ರೆಗೆ ಫೋನು, ಆ ಸಾಲು ನಾನೇ ಬರೆದದ್ದಮ್ಮ, ಆ ಕಡೆ ಯಾರೋ ಕೆಮ್ಮಿದ್ದು, ಬಾಗಿಲ ಸದ್ದು, ಆಮೇಲೆ ಆ ಹೆಂಗಸು ಹೇಳುತ್ತಾಳೆ, ಹಳೇ ಡಿಸ್ಕುಗಳಿವೆ, ಮತ್ತೆ ತುಂಬಿಸ್ತೀವಿ, ಒಂದು ಮಾತ್ರ ಇಲ್ಲ, ಮೊಟ್ಟಮೊದಲನೇದು, ಅದರ ಡಿಸ್ಕು ಖಾಲಿ ಮಾಡಿಬಿಟ್ವಿ, ಆ ಹುಡುಗಿಯ ತಾಯಿ ಬಂದಾಗಲೆಲ್ಲ ಕೇಳಿ ನೋಡ್ತಿದ್ರು. ಉಳಿದಿರುವ ಚೂರನ್ನು ಕಳಿಸುತ್ತಾಳೆ, ಆರು ಸೆಕೆಂಡು, ತಾಯಿಯ ಮಡಿಲಲ್ಲಿ ಎರಡು ವರ್ಷದ ಹುಡುಗಿ, ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟುತ್ತಾರೆ, ಹುಡುಗಿ ತಲೆ ತಿರುಗಿಸುತ್ತಾಳೆ, ಅಷ್ಟರಲ್ಲಿ ಬೂದುಬಣ್ಣದ ಚೌಕಗಳು. ಅವಳು ಮೂವತ್ತೆರಡನ್ನು ಅಳಿಸಿ ಅರವತ್ತನಾಲ್ಕು ಎಂದು ಬರೆಯುತ್ತಾಳೆ, ಪರೀಕ್ಷೆ ಓಡುತ್ತದೆ, ಪಕ್ಕದಲ್ಲಿ ಆ ಆರು ಸೆಕೆಂಡೂ ಮತ್ತೆ ಮತ್ತೆ, ನಾನೂರ ಇಪ್ಪತ್ತೊಂಬತ್ತು ಕೋಟಿ ದಾಟುತ್ತದೆ, ಐನೂರು ಕೋಟಿ, ಸರಿಯಾಗಿದೆ, ಎಲ್ಲ ಸರಿಯಾಗಿದೆ, ಚಪ್ಪಾಳೆ, ಹುಡುಗಿ ತಿರುಗುತ್ತಾಳೆ, ಆರುನೂರು ಕೋಟಿ, ಚಪ್ಪಾಳೆ, ತಿರುಗುತ್ತಾಳೆ, ಕೆನ್ನೆ, ತೆರೆದ ಬಾಯಿಯ ಒಂದು ಅಂಚು, ಅರ್ಧ ತಿರುಗಿದ ತಲೆ —