ಬಾಣಂತಿಯಿಂದ ಮುಚ್ಚಿಡದ ಮಾತು

ಮಟಮಟ ಮಧ್ಯಾಹ್ನ ಹೆರಿಗೆಯಾಯಿತು. ಹೆಣ್ಣು ಮಗು. ಅದು ಅತ್ತಿದ್ದು ಆಸ್ಪತ್ರೆಯ ಕಾರಿಡಾರಿನ ಕೊನೆಗೂ ಕೇಳಿಸಿತು. ಬಟ್ಟೆ ಹೊಲಿಯುವ ಅಂಗಡಿ ನಡೆಸುವ ಅತ್ತೆ ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡು ಸೊಸೆಯ ತಲೆದೆಸೆಯಲ್ಲೇ ಕೂತಿದ್ದರು.

ಆದರೆ ಮಾಸು ಬಿದ್ದ ಮೇಲೂ ರಕ್ತ ನಿಲ್ಲಲಿಲ್ಲ. ಡಾಕ್ಟರೂ ನರ್ಸಮ್ಮನೂ ಓಡಿ ಬಂದರು. ಬಾಣಂತಿಗೆ ಏನೂ ಹೇಳಬೇಡಿ, ಎದೆ ಒಡೆದುಕೊಳ್ಳುತ್ತಾಳೆ ಎಂದು ಅತ್ತೆ ಪಿಸುಗುಟ್ಟಿದರು.

“ಹೇಳದಿದ್ರೆ ಏನೇನೋ ಅಂದ್ಕೋತಾಳೆ, ಅಮ್ಮಾ. ಅದೇ ದೊಡ್ಡ ಭಯ,” ಎಂದರು ನರ್ಸಮ್ಮ. ಆಮೇಲೆ ಸೊಸೆಯ ಕಡೆ ಬಗ್ಗಿದರು.

“ನೋಡಮ್ಮ, ರಕ್ತ ಜಾಸ್ತಿ ಹೋಗ್ತಿದೆ. ಗರ್ಭಕೋಶ ಗಟ್ಟಿಯಾಗ್ಬೇಕು, ಅದಕ್ಕೆ ಹೊಟ್ಟೆ ಒತ್ತಿ ತಿಕ್ತೀವಿ. ನೋಯುತ್ತೆ. ಇಂಜೆಕ್ಷನ್ನೂ ಕೊಡ್ತೀವಿ. ನಾನು ಇಲ್ಲೇ ಇರ್ತೀನಿ. ಏನಾದ್ರೂ ಕೇಳ್ಬೇಕಾ?”

ಮಗು ಹೇಗಿದೆ ಎಂದಷ್ಟೇ ಸೊಸೆ ಕೇಳಿದಳು. ಚೆನ್ನಾಗಿದೆ ಎಂದ ಮೇಲೆ ಹಲ್ಲು ಕಚ್ಚಿ ನೋವು ತಡೆದಳು.

ಅತ್ತೆಗೆ ತಮ್ಮ ಹೆರಿಗೆ ನೆನಪಾಯಿತು. ಆಗಲೂ ಹೀಗೇ ಆಗಿತ್ತು, ಆದರೆ ಯಾರೂ ತುಟಿ ಬಿಚ್ಚಿರಲಿಲ್ಲ. ಎಲ್ಲರ ಮುಖ ನೋಡಿ ತಾನು ಸತ್ತೆ ಅಂದುಕೊಂಡಿದ್ದರು. ಆ ಹೆದರಿಕೆಗೇ ಎರಡನೇ ಮಗುವಿನ ಮಾತೆತ್ತಿರಲಿಲ್ಲ.

ರಕ್ತ ಹತೋಟಿಗೆ ಬಂತು. ಏನೇನು ಮಾಡಿದೆವು, ಯಾಕೆ ಮಾಡಿದೆವು ಎಂದು ನರ್ಸಮ್ಮ ಬಿಡಿಸಿ ಹೇಳಿದರು. ಮತ್ತೆ ರಕ್ತ ಹರಿದಂತಾದರೆ, ತಲೆ ಸುತ್ತಿದರೆ ಕೂಡಲೇ ಕರೆಯಬೇಕು ಎಂದು ತಿಳಿಸಿ, ಅದನ್ನು ಅತ್ತೆ ಸೊಸೆ ಇಬ್ಬರ ಬಾಯಲ್ಲೂ ಹೇಳಿಸಿದರು.

ಎರಡು ಗಂಟೆ ಕಳೆದಿತ್ತು. “ಅತ್ತೆ, ಮತ್ತೆ ಶುರುವಾಗಿದೆ. ನರ್ಸನ್ನ ಕರೀರಿ,” ಎಂದಳು ಸೊಸೆ. ದನಿ ನಡುಗಲಿಲ್ಲ. ಅತ್ತೆ ಬಿದ್ದಂಬೀಳ ಓಡಿದರು. ಮತ್ತೆ ಚಿಕಿತ್ಸೆ ನಡೆದು, ಈ ಸಲ ರಕ್ತ ಪೂರ್ತಿ ನಿಂತಿತು. ತಡಮಾಡದೆ ಹೇಳಿದ್ದರಿಂದ ಕಷ್ಟ ತಪ್ಪಿತು ಎಂದು ಡಾಕ್ಟರು ಸೊಸೆಯ ಬೆನ್ನು ತಟ್ಟಿದರು.

ಈಗ ಅಂಗಡಿಗೆ ಅಳತೆ ಕೊಡಲು ಬಂದವರೆಲ್ಲ ಈ ಕಥೆ ಕೇಳಿಯೇ ಹೋಗಬೇಕು. “ನನ್ನ ಸೊಸೆಗೆ ಎಲ್ಲಾ ಗೊತ್ತಿತ್ತು ಕಣ್ರೀ. ತನ್ನ ಜೀವ ತಾನೇ ಕಾಯ್ಕೊಂಡ್ಳು,” ಎನ್ನುವಾಗ ಅತ್ತೆಯ ಎದೆಯ ಅಳತೆ ತೆಗೆದರೆ ಎರಡಿಂಚು ಹೆಚ್ಚೇ ಬಂದೀತು.

ಅಕ್ಕಂದಿರೇ, ಅಮ್ಮಂದಿರೇ, ಹೆರಿಗೆಯಾದ ಮೇಲೆ ರಕ್ತ ಹೆಚ್ಚು ಹೋದರೆ ನಾಚಿಕೊಂಡು ಸುಮ್ಮನಿರಬೇಡಿ, ಮನೆಗೆ ಬಂದ ಮೇಲಾದರೂ ಸರಿ, ತಕ್ಷಣ ಆಸ್ಪತ್ರೆಗೆ ತಿಳಿಸಿ. ಏನು ಚಿಕಿತ್ಸೆ, ಯಾಕೆ ಎಂದು ಕೇಳಿ. ಬಾಣಂತಿಯಿಂದ ಮುಚ್ಚಿಡಬೇಡಿ. ಮೈ ಅವಳದು, ಮೊದಲು ತಿಳಿಯಬೇಕಾದವಳೂ ಅವಳೇ.